ಸಂಶೋಧನೆಯ ಮನೆಗೆ ಎಲ್ಲ ಬಗೆಯ ಬುದ್ಧಿಯೂ ಬೇಕು

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿಜ್ಞಾನದ ಮಾತನ್ನೆತ್ತಿದರೆ ವಾಚಕರು ನಕ್ಕಾರು. ಹೈಸ್ಕೂಲು ಬಿಟ್ಟ ಮೇಲೆ ಪ್ರಯೋಗಶಾಲೆಯ ಹೊಸ್ತಿಲನ್ನು ನಾನು ತುಳಿದವನಲ್ಲ. ನನ್ನ ಪ್ರಶ್ನೆ ಒಂದೇ. ವಿಜ್ಞಾನದ ಸಂಶೋಧನೆ ನಡೆಯುವ ಮನೆಗಳ ಬಾಗಿಲು ಯಾರಿಗೆ ತೆರೆದಿದೆ? ಯಾರಿಗೆ ಮುಚ್ಚಿದೆ? ಈ ಪ್ರಶ್ನೆಯನ್ನು ನನಗೆ ಕಲಿಸಿದವನು ನಮ್ಮ ಕಾಕಾನ ಮಗ.

ನಮ್ಮದು ಚಿಕ್ಕೋಡಿ ತಾಲೂಕಿನ ಹೊಳೆದಂಡೆಯ ಊರು. ಅಪ್ಪ ಪರರ ಹೊಲದಲ್ಲಿ ಕಬ್ಬು ಕಡಿಯುವವನು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಏರಿದವನು ನಾನೇ ಮೊದಲಿಗ. ನನಗಿಂತ ಒಂದು ವರ್ಷ ಚಿಕ್ಕವನಾದ ಕಾಕಾನ ಮಗ ಹತ್ತನೆಯ ಇಯತ್ತೆಯಲ್ಲಿ ನಪಾಸಾಗಿ ಎಮ್ಮೆ ಕಾಯುತ್ತಿದ್ದಾನೆ. ಅಕ್ಷರಗಳು ಅವನ ಕೈಯಲ್ಲಿ ಹಿಂದುಮುಂದಾಗುತ್ತವೆ. ಮೂರು ತಾಸಿನ ಪತ್ರಿಕೆಯಲ್ಲಿ ಎರಡು ಪುಟ ತುಂಬಿಸುವದೂ ಅವನಿಗೆ ಕಷ್ಟ. ಸಂತೆಯ ಗದ್ದಲ, ಹಿಟ್ಟಿನ ಗಿರಣಿಯ ಸಪ್ಪಳ ಇವನ್ನು ಕೇಳಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಎದುರಿಗಿದ್ದವರ ಮುಖ ನೋಡಿ ಮಾತಾಡುವದಿಲ್ಲ. ಆದರೆ ಹತ್ತು ವರ್ಷದವನಿದ್ದಾಗಿನಿಂದ ಅವನದೊಂದು ನೇಮವಿದೆ. ದಿನಾಲು ಮುಂಜಾನೆ ಹೊಳೆಗೆ ಹೋಗಿ, ಘಾಟಿನ ಎಷ್ಟು ಮೆಟ್ಟಿಲು ನೀರಲ್ಲಿವೆ ಎಂಬುದನ್ನು ಎಣಿಸಿ, ಹಳೆಯ ವಹಿಯಲ್ಲಿ ಬರೆದಿಡುತ್ತಾನೆ. ಅದರಲ್ಲಿ ಬರೀ ಅಂಕಿಗಳು, ಅಕ್ಷರವೊಂದೂ ಇಲ್ಲ. ಕಲ್ಲೋಳ-ಯಡೂರ ಸೇತುವೆ ಯಾವ ವರ್ಷ ಯಾವ ದಿನ ಮುಳುಗಿತು ಎಂದು ಕೇಳಿ ನೋಡಿರಿ, ಥಟ್ಟನೆ ಹೇಳುತ್ತಾನೆ.

೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಬಂದಾಗ ಊರೆಲ್ಲ ಕಾಳಜಿ ಕೇಂದ್ರ ಸೇರಿತು. ಜನ ಪಾತ್ರೆ-ಪಡಗ, ಜೋಳದ ಚೀಲ ಹೊತ್ತು ತಂದರು. ಇವನು ತಂದದ್ದು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ವಹಿಗಳನ್ನು. ನೂರಾರು ಜನರ ಕೂಗಾಟದ ನಡುವೆ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತವನನ್ನು ಕಂಡು ಹುಡುಗರು “ಹುಚ್ಚ, ಹುಚ್ಚ” ಎಂದು ನಕ್ಕರು. ಆ ನಗುವಿನಲ್ಲಿ ನನ್ನದೂ ಸೇರಿತ್ತು. ಇಂದು ಈ ಲೇಖನ ಬರೆಯುವಾಗ ಅದೇ ನನ್ನನ್ನು ಚುಚ್ಚುತ್ತಿದೆ.

ಅವನಿಗಿರುವ ತೊಡಕಿನ ಹೆಸರೇನೆಂದು ಹೇಳಲು ನಾನು ವೈದ್ಯನಲ್ಲ. ಅವನನ್ನು ಈವರೆಗೆ ಯಾವ ತಜ್ಞರೂ ಪರೀಕ್ಷಿಸಿಲ್ಲ. ಆದರೆ ಮನುಷ್ಯರ ಮೆದುಳುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಲ್ಲ ಎಂಬ ತಿಳಿವಳಿಕೆ ಈಗ ಬಲಿತಿದೆ. ಆಟಿಸಂ, ಓದು-ಬರಹದ ತೊಡಕಾದ ಡಿಸ್ಲೆಕ್ಸಿಯಾ, ಚಿತ್ತ ಒಂದೆಡೆ ನಿಲ್ಲದ ಎಡಿಎಚ್‌ಡಿ ಮುಂತಾದವನ್ನು ಬರಿಯ ರೋಗವೆಂದು ಕಾಣದೆ, ಮನುಷ್ಯಕುಲದ ಸಹಜ ಭೇದಗಳೆಂದು ಕಾಣುವ ದೃಷ್ಟಿಗೆ ನರವೈವಿಧ್ಯವೆಂದು ಹೆಸರು. ೧೯೯೦ರ ದಶಕದಲ್ಲಿ ಆಟಿಸಂ ಇದ್ದವರೇ ತಮ್ಮತಮ್ಮಲ್ಲಿ ಚರ್ಚಿಸುತ್ತ ಬೆಳೆಸಿದ ವಿಚಾರವಿದು.

ಇಂಥವರಿಗೆ ವಿಜ್ಞಾನದಲ್ಲೇನು ಕೆಲಸ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುವೆನು. ದನಕರುಗಳ ವಿಷಯವಾದ್ದರಿಂದ ಕೃಷ್ಣಾ ತೀರದ ಒಕ್ಕಲು ಮಕ್ಕಳಿಗೆ ಬೇಗ ತಿಳಿದೀತು. ಅಮೇರಿಕೆಯ ಟೆಂಪಲ್ ಗ್ರ್ಯಾಂಡಿನ್ ೧೯೪೭ರಲ್ಲಿ ಹುಟ್ಟಿದವರು. ನಾಲ್ಕು ವರ್ಷದ ಹತ್ತಿರಕ್ಕೆ ಬರುವವರೆಗೂ ಅವರಿಗೆ ಮಾತು ಬಂದಿರಲಿಲ್ಲ, ಅವರಿಗಿದ್ದದ್ದು ಆಟಿಸಂ. ದನಗಳು ಓಣಿಯಂಥ ಕಟ್ಟೆಯೊಳಗೆ ಮುಂದೆ ಸಾಗದೆ ಏಕೆ ನಿಲ್ಲುತ್ತವೆ ಎಂದು ಎಲ್ಲರೂ ಬಡಿಗೆ ಹಿಡಿದು ಚಿಂತಿಸುತ್ತಿದ್ದಾಗ, ಈಕೆ ತಾವೇ ಅದರೊಳಗಿಳಿದು ದನದ ಕಣ್ಣಿನ ಎತ್ತರದಿಂದ ನೋಡಿದರು. ನೆಲದ ಮೇಲಿನ ನೆರಳು, ತೂಗಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ—ದನಗಳು ಬೆದರುತ್ತಿದ್ದದ್ದು ಇವಕ್ಕೆ! ಮುಂದೆ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ಮಾತಿನಲ್ಲಿ ಯೋಚಿಸದೆ ಚಿತ್ರಗಳಲ್ಲಿ ಯೋಚಿಸುವದರಿಂದಲೇ ಇದು ತಮಗೆ ಕಂಡಿತೆಂದು ಅವರು ಹೇಳುತ್ತಾರೆ.

ಇನ್ನು ಬಾಗಿಲಿನ ಮಾತು. ಕ್ಯಾರಲ್ ಗ್ರೈಡರ್ ಎಂಬಾಕೆಗೆ ಡಿಸ್ಲೆಕ್ಸಿಯಾ ಇತ್ತು. ಪ್ರವೇಶ ಪರೀಕ್ಷೆಯ ಅಂಕಗಳು ಕಡಿಮೆಯಾದ್ದರಿಂದ ಅವರು ಅರ್ಜಿ ಹಾಕಿದ ಬಹಳಷ್ಟು ವಿದ್ಯಾಲಯಗಳು ಒಲ್ಲೆವೆಂದವು. ಎರಡು ಮಾತ್ರ ಅವರು ಪ್ರಯೋಗಶಾಲೆಯಲ್ಲಿ ಮಾಡಿದ್ದ ಕೆಲಸವನ್ನು ನೋಡಿ ಕರೆದವು. ಅವುಗಳಲ್ಲೊಂದಾದ ಬರ್ಕ್ಲಿಯಲ್ಲಿ, ೧೯೮೪ರ ಕ್ರಿಸ್ಮಸ್ ದಿನ, ಜೀವಕೋಶಗಳ ವರ್ಣತಂತುಗಳ ತುದಿ ಕಾಯುವ ಟೆಲೊಮರೇಸ್ ಎಂಬ ಕಿಣ್ವದ ಗುರುತು ಅವರ ಕಣ್ಣಿಗೆ ಬಿತ್ತು. ೨೦೦೯ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಬಂದಿತು. ಉಳಿದ ವಿದ್ಯಾಲಯಗಳು ಪರೀಕ್ಷಿಸಿದ್ದು ಏನನ್ನು? ಪ್ರಶ್ನಪತ್ರಿಕೆ ಬಿಡಿಸುವ ವೇಗವನ್ನು. ಸಂಶೋಧನೆಗೆ ಬೇಕಾದ ಗುಣವನ್ನು ಅಳೆಯುವ ತಕ್ಕಡಿ ಅವರ ಬಳಿ ಇರಲಿಲ್ಲ.

ನಮ್ಮ ದೇಶವೂ ಒಮ್ಮೆ ಇಂಥ ಬಾಗಿಲು ತೆರೆದದ್ದುಂಟು. ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಸೋತು ಶಿಷ್ಯವೇತನ ಕಳೆದುಕೊಂಡವರು. ಅವರಿಗೆ ಇಂಥದೇ ತೊಡಕಿತ್ತೆಂದು ನಾನು ಹೇಳುತ್ತಿಲ್ಲ. ೧೯೧೩ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯವು ಪದವಿಯಿಲ್ಲದ ಅವರಿಗೆ ತಿಂಗಳಿಗೆ ೭೫ ರೂಪಾಯಿ ಸಂಶೋಧನಾ ವೇತನ ಕೊಟ್ಟಿತೆಂಬುದನ್ನಷ್ಟೇ ನೆನಪಿಸುತ್ತೇನೆ. ನಿಯಮ ಸ್ವಲ್ಪ ಬಾಗಿತು. ವಿಶ್ವವಿದ್ಯಾಲಯದ ಗೌರವವೇನೂ ತಗ್ಗಲಿಲ್ಲ.

ಇಲ್ಲೊಂದು ಎಚ್ಚರದ ಮಾತು. ನೊಬೆಲ್ ಪಡೆದವರ ಹೆಸರು ಹೇಳಿದ ಕೂಡಲೆ “ಹಾಗಾದರೆ ನಿನ್ನ ತಮ್ಮನೂ ಅಂಥವನೇನು?” ಎಂಬ ಪ್ರಶ್ನೆ ಬರುತ್ತದೆ. ಅಲ್ಲದಿರಬಹುದು. ಸಾಮಾನ್ಯ ಬುದ್ಧಿಯ ಸಾವಿರ ಜನರಿಗೆ ಕೆಲಸ ಕೊಡುವಾಗ ನಾವು ಪ್ರತಿಭೆಯ ಪುರಾವೆ ಕೇಳುವದಿಲ್ಲ. ಭಿನ್ನನಾದವನಿಗೆ ಮಾತ್ರ ಪವಾಡ ತೋರಿಸು ಎನ್ನುವದು ಯಾವ ನ್ಯಾಯ? ಸಂಶೋಧನೆಯೆಂದರೆ ಮಹಾಮೇಧಾವಿಗಳ ಕೆಲಸ ಮಾತ್ರವೂ ಅಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರವಿದೆ. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಿದೆ, ಸಕ್ಕರೆಯ ಸಂಸ್ಥೆಯಿದೆ. ಇಂಥ ಎಲ್ಲ ಕಡೆಗೂ ದಿನಾಲು ಅಳೆಯುವವರು, ತೂಗುವವರು, ಎಣಿಸಿ ಬರೆದಿಡುವವರು ಬೇಕು. ಬೇಸರವಿಲ್ಲದೆ, ಸುಳ್ಳು ಅಂಕಿ ತುಂಬದೆ, ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡುವವರು ಸಿಗುವದು ಸುಲಭವೇ?

ಕಾಯದೆ ನಮಗಿಂತ ಮುಂದೆ ನಡೆದಿದೆ. ೧೯೯೫ರ ಕಾಯದೆ ೭ ಬಗೆಯ ವೈಕಲ್ಯಗಳನ್ನು ಮಾತ್ರ ಹೇಳಿತ್ತು, ಆಟಿಸಂ ಅದರಲ್ಲಿರಲಿಲ್ಲ. ೨೦೧೬ರ ಕಾಯದೆ ಅವನ್ನು ೨೧ಕ್ಕೆ ಏರಿಸಿ ಆಟಿಸಂ, ಕಲಿಕೆಯ ತೊಡಕು ಎರಡನ್ನೂ ಸೇರಿಸಿತು. ಸರಕಾರಿ ಹುದ್ದೆಗಳಲ್ಲಿ ಶೇಕಡಾ ೪ಕ್ಕೆ ಕಡಿಮೆಯಾಗದಂತೆ ಮೀಸಲಿಡಬೇಕು; ಅದರಲ್ಲಿ ಶೇಕಡಾ ೧ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಡಕು, ಮಾನಸಿಕ ಕಾಯಿಲೆ ಹಾಗೂ ಬಹುವಿಧ ವೈಕಲ್ಯ ಇದ್ದವರಿಗೆಲ್ಲ ಕೂಡಿ. ಬರವಣಿಗೆಯ ತೊಡಕಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡದೆ ಹೋದದ್ದು ತಪ್ಪೆಂದು ಸುಪ್ರೀಂ ಕೋರ್ಟು ೨೦೨೧ರಲ್ಲಿ ಹೇಳಿತು. ಆದರೆ ಮೀಸಲಾತಿಗೆ ಶೇಕಡಾ ೪೦ರಷ್ಟು ತೊಡಕಿದೆಯೆಂಬ ಪ್ರಮಾಣಪತ್ರ ಬೇಕು. ಎಡಿಎಚ್‌ಡಿಯ ಹೆಸರು ಪಟ್ಟಿಯಲ್ಲಿಲ್ಲ. ಮಗ ಓದಿನಲ್ಲಿ ದಡ್ಡನೆಂದು ತಿಳಿದ ನಮ್ಮ ಕಾಕಾನಂಥವರಿಗೆ, ಇದಕ್ಕೊಂದು ಪರೀಕ್ಷೆಯುಂಟು, ಪತ್ರವುಂಟು ಎಂಬುದೇ ಗೊತ್ತಿಲ್ಲ. ಮಗುವಿಗೆ ಎಂಟು ವರ್ಷವಿದ್ದಾಗ ಗುರುತಿಸಬೇಕಾದದ್ದನ್ನು ಯಾರೂ ಗುರುತಿಸದಿದ್ದರೆ, ಇಪ್ಪತ್ತೆಂಟರಲ್ಲಿ ಅವನಿಗಾಗಿ ಕಾದಿಟ್ಟ ಹುದ್ದೆಯಿಂದ ಫಲವೇನು?

ಸಂಶೋಧನಾಲಯಗಳು ಮಾಡಬೇಕಾದದ್ದು ಬಹಳ ಖರ್ಚಿನದೇನೂ ಅಲ್ಲ. ಆಯ್ಕೆಯ ದಿನ ಐದು ಜನರೆದುರು ಕೂಡ್ರಿಸಿ ಹತ್ತು ನಿಮಿಷ ಮಾತಾಡಿಸುವ ಬದಲು, ಅರ್ಧ ದಿನ ಕೆಲಸ ಮಾಡಿಸಿ ನೋಡಲಿ. ಸೂಚನೆಗಳನ್ನು ಗಾಳಿಯಲ್ಲಿ ಹೇಳದೆ ಬರೆದು ಕೊಡಲಿ. ಓದಲಾರದವನಿಗೆ ತೋರಿಸಿ ಹೇಳಲಿ. ಯಂತ್ರಗಳ ಸಪ್ಪಳ ಸಹಿಸದವನಿಗೆ ಒಂದು ಶಾಂತ ಮೂಲೆ ಇರಲಿ, ಕಿವಿಗೆ ಮುಚ್ಚಿಗೆ ಇರಲಿ. ಕೆಲಸದ ಕ್ರಮ ಬದಲಾಗುವದಿದ್ದರೆ ಮುಂಚಿತವಾಗಿ ತಿಳಿಸಲಿ. ಮುಖ ನೋಡಿ ಮಾತಾಡದವನು ಉದ್ಧಟನೆಂದು ಬಗೆಯದಿರಲಿ. ಇದರಿಂದ ಕೆಲಸದ ಮಟ್ಟ ಇಳಿಯುತ್ತದೆಂದು ಕೆಲವರು ಹೆದರುತ್ತಾರೆ. ಅಳತೆ ತಪ್ಪಿದರೆ ಯಾರದಾದರೂ ತಪ್ಪೇ. ಅದರಲ್ಲಿ ರಿಯಾಯಿತಿ ಬೇಡ. ರಿಯಾಯಿತಿ ಬೇಕಾದದ್ದು ಅಳತೆಗೆ ಸಂಬಂಧವಿಲ್ಲದ ಸಂಗತಿಗಳಲ್ಲಿ.

ಇದೆಲ್ಲ ಬೆಂಗಳೂರಿನ ದೊಡ್ಡವರ ವಿಚಾರವೆಂದು ಗೆಳೆಯರು ಪುಟ ತಿರುಗಿಸಬಾರದು. ಕಳೆದ ವರ್ಷ ನಿಪ್ಪಾಣಿಯ ಬೀಡಿ ಕೆಲಸಗಾರರ ಕೂಲಿಯ ಬಗ್ಗೆ ನಮ್ಮ ಗುಂಪು ಒಂದು ಪಾಹಣಿ ನಡೆಸಿತು. ಕೋಷ್ಟಕಗಳನ್ನೆಲ್ಲ ಮಾಡಿದವನು ಒಬ್ಬ ಗೆಳೆಯ. ನಾವು ಕೂಡಿಸಿದ್ದರಲ್ಲಿ ತಪ್ಪು ಹಿಡಿದು ಮತ್ತೆ ಮನೆಮನೆಗೆ ಹೋಗಿ ಕೇಳಿ ಬಂದವನೂ ಅವನೇ. ಗುರುಗಳೆದುರು ನಿಂತು ಹೇಳುವ ದಿನ ಅವನಿಗೆ ಬಾಯೇ ಬರಲಿಲ್ಲ. ನಾನು ಮಾತಾಡಿದೆನು, ಹೆಚ್ಚಿನ ಅಂಕ ನನಗೆ ಬಂದವು. ನಾನು ಸುಮ್ಮನಿದ್ದೆನು. ನಾಳೆ ನಮ್ಮಲ್ಲಿ ಕೆಲವರು ಮಾಸ್ತರರಾಗುವೆವು, ಕೆಲವರು ಕಚೇರಿ ಸೇರುವೆವು, ಒಬ್ಬಿಬ್ಬರು ಆಯ್ಕೆಯ ಮೇಜಿನ ಆಚೆ ಬದಿಗೂ ಕೂಡ್ರಬಹುದು. ಇಂಥವರು ಪ್ರಯೋಗಶಾಲೆಯವರೆಗೆ ಹೋಗುವರೋ, ಹತ್ತನೆಯ ಇಯತ್ತೆಯಲ್ಲೇ ನಿಲ್ಲುವರೋ ಎಂಬುದು ಮೊದಲು ತೀರ್ಮಾನವಾಗುವದು ನಮ್ಮಂಥವರ ಕೈಯಲ್ಲಿ. ಆದುದರಿಂದ ನಮ್ಮ ಗುರುಗಳಲ್ಲಿ ವಿನಂತಿ: ಮಾತಾಡಲಾರದವನು ಬರೆದು ಕೊಟ್ಟರೆ, ಬರೆಯಲಾರದವನು ಹೇಳಿ ತೋರಿಸಿದರೆ, ಅದನ್ನೂ ತೂಗಿ ಅಂಕ ಕೊಡುವ ಪದ್ಧತಿಯನ್ನು ನಮ್ಮ ಕಾಲೇಜಿನ ಒಳಗಿನ ಪರೀಕ್ಷೆಗಳಲ್ಲಾದರೂ ಆರಂಭಿಸಬೇಕು.

ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗನ ವಹಿಗಳನ್ನು ಮೊದಲ ಸಲ ತೆರೆದು ನೋಡಿದೆನು. ೨೦೧೯ರ ಪ್ರವಾಹದ ದಿನಗಳಲ್ಲಿ ಕೆಲವು ಮನೆಗಳು ಖಾಲಿಯಿದ್ದವು. ಏಕೆಂದು ಕೇಳಿದೆನು.

“ಆವಾಗ ಮೆಟ್ಟಲಾ ಕಾಣತಿದ್ದಿಲ್ಲ, ಅಣ್ಣಾ. ಕಾಣದ್ದನ್ನ ಹೆಂಗ ಬರೀಲಿ?” ಎಂದನು.

ಕಾಣದ್ದನ್ನು ಬರೆಯಬಾರದೆಂಬ ಪಾಠವನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಈ ಸಲದ ಬೇಸಿಗೆಯಲ್ಲಿ ಅವನನ್ನು ಕರೆದುಕೊಂಡು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕೆಂದು ಕಾಕಾನನ್ನು ಒಪ್ಪಿಸಿದ್ದೇನೆ. ಹತ್ತನೆಯ ಪರೀಕ್ಷೆಗೆ ಮತ್ತೆ ಕೂಡ್ರಿಸುವ ವಿಚಾರವೂ ಇದೆ. ವಹಿಗಳನ್ನೂ ಸಂಗಡ ಒಯ್ಯುವೆವು.