ಗ್ರಾಫಿಕ್ಸ್ ಕಾರ್ಡು: ಹೆಚ್ಚು ತೆತ್ತ ಹಣ ದುಡಿಯುವುದೇ?

ದೇವರಾಜ ಅರಸು ಬಡಾವಣೆಯಂತಹ ಕಡೆ ಮದುವೆ ವಿಡಿಯೋ ಸಂಕಲನ, ಕಟ್ಟಡ ವಿನ್ಯಾಸಗಳ ಕಸುಬು ಆರಂಭಿಸುವ ಯುವಕರಿಗೆ ಗಣಕಯಂತ್ರವೇ ಬಂಡವಾಳ. ಅದರ ಸಿಂಹಪಾಲು ಗ್ರಾಫಿಕ್ಸ್ ಕಾರ್ಡಿಗೆ ಸಲ್ಲುತ್ತದೆ. ಎನ್‌ವಿಡಿಯಾ ಸಂಸ್ಥೆಯು 2025ರ ಆರಂಭದಲ್ಲಿ ಹೊರತಂದ ಆರ್‌ಟಿಎಕ್ಸ್ 5080 ಮತ್ತು 5070 ಟಿಐ ಕಾರ್ಡುಗಳಲ್ಲಿ ಯಾವುದು ಲೇಸು?

ಬಿಡುಗಡೆಯಂದು ಘೋಷಿಸಿದ ಬೆಲೆ ಕ್ರಮವಾಗಿ 999 ಮತ್ತು 749 ಡಾಲರ್. ಬೆಲೆ ಮೂರನೇ ಒಂದರಷ್ಟು ಹೆಚ್ಚು; ಗಣನಾ ಘಟಕಗಳಾದರೋ 10,752 ಮತ್ತು 8,960, ಅಂದರೆ ಹೆಚ್ಚಳ ಶೇ. 20 ಮಾತ್ರ. ಮೆಮೊರಿ ಎರಡರಲ್ಲಿಯೂ 16 ಜಿಬಿ. ಒಂದರಲ್ಲಿ ಹಿಡಿಸದ ಕೆಲಸ ಮತ್ತೊಂದರಲ್ಲಿಯೂ ಹಿಡಿಸದು. ವಿದ್ಯುತ್ ಬಳಕೆಯ ಮಿತಿ 360 ಮತ್ತು 300 ವ್ಯಾಟ್. ವೈಶಾಖದ ದಾವಣಗೆರೆ ಬಿಸಿಲಿನಲ್ಲಿ, ಕಿರಿದಾದ ಮಳಿಗೆಯೊಳಗೆ, ಈ 60 ವ್ಯಾಟ್ ಕಡೆಗಣಿಸುವಂಥದ್ದಲ್ಲ.

ಆದುದರಿಂದ ಬಹುಪಾಲು ಜನರಿಗೆ 5070 ಟಿಐ ಸಾಕೆಂಬುದು ನಮ್ಮ ಅಭಿಪ್ರಾಯ. ಉಳಿದ ಹಣ ಒಳ್ಳೆಯ ಯುಪಿಎಸ್ ಹಾಗೂ ಇನ್ನೊಂದು ಹಾರ್ಡ್ ಡಿಸ್ಕಿಗೆ ಹೋಗಲಿ. ಕಳೆದುಹೋದ ಚಿತ್ರಣಕ್ಕಾಗಿ ಯಾರೂ ಎರಡನೆಯ ಬಾರಿ ತಾಳಿ ಕಟ್ಟುವುದಿಲ್ಲ! ದಿನವಿಡೀ ಮೂರು ಆಯಾಮದ ಚಿತ್ರಗಳನ್ನೇ ರೂಪಿಸುವವರಿಗೆ, ಉಳಿಸಿದ ಗಂಟೆಗೆ ಗ್ರಾಹಕರು ಹಣ ಕೊಡುವುದಾದರೆ, 5080 ತಪ್ಪಲ್ಲ.

ಶೇ. 18 ಜಿಎಸ್‌ಟಿ ಉಳಿಸಲೆಂದು ಬಿಲ್ಲಿಲ್ಲದೆ ಕೊಳ್ಳುವ ಚಾಳಿ ಮಾತ್ರ ಸಲ್ಲದು. ನೋಂದಾಯಿತ ವ್ಯವಹಾರಸ್ಥರು ಆ ತೆರಿಗೆಯನ್ನು ಜಮೆಯಾಗಿ ಪಡೆಯಬಹುದು (ಕಾಂಪೋಸಿಷನ್ ಪದ್ಧತಿಯವರಿಗೆ ಇದಿಲ್ಲ). ಬಿಲ್ಲಿಲ್ಲದಿದ್ದರೆ ಜಮೆಯೂ ಇಲ್ಲ, ವಾರಂಟಿಯೂ ಕೈತಪ್ಪಬಹುದು. ಕಾರ್ಡಿನ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿರಿ. ಕೆಟ್ಟರೆ ದುರಸ್ತಿಗೆ ಕಳುಹಿಸುವ ಹೊಣೆ ಯಾರದೆಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ.