ಬಾಗಿಲು ತೆರೆಯುವುದು ಹೇಗೆ?

ರಾತ್ರಿ ಹೊತ್ತು ಕರೆಂಟು ಹೋದರೆ ನಮ್ಮ ಮನೆಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬೆಂಕಿಪೊಟ್ಟಣ ಎಲ್ಲಿದೆ, ಮೇಣದ ಬತ್ತಿ ಯಾವ ಕಪಾಟಿನಲ್ಲಿದೆ, ಬಾಗಿಲ ಚಿಲಕ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಕೈ ಬಲ್ಲದು. ಅಳುತ್ತಿರುವ ಮಗುವನ್ನು ನೋಡುತ್ತಲೇ ಗ್ಯಾಸ್ ಒಲೆಯ ಉರಿಯನ್ನು ಸಣ್ಣದು ಮಾಡುವುದು ಯಾವ ತಾಯಿಗೂ ಕಷ್ಟವಲ್ಲ. ವಸ್ತುಗಳು ತಮ್ಮ ಜಾಗದಲ್ಲಿದ್ದು, ಮುಟ್ಟಿದರೆ ತಿಳಿಯುವಂತಿದ್ದರೆ ಮಾತ್ರ ಇದು ಸಾಧ್ಯ. ಆದರೆ ಈಗ ಬರುತ್ತಿರುವ ವಾಹನಗಳಲ್ಲಿ ಈ ಸರಳ ವಿಚಾರವೇ ಮರೆತುಹೋಗುತ್ತಿದೆ. ಅದಕ್ಕೆ ಎದ್ದು ಕಾಣುವ ಉದಾಹರಣೆ ಅಮೆರಿಕದ ಟೆಸ್ಲಾ ಕಂಪೆನಿಯ 'ಸೈಬರ್‌ಟ್ರಕ್' ಎಂಬ ವಿದ್ಯುತ್ ಪಿಕಪ್.

ಪಿಕಪ್ ಎಂದರೆ ನಮಗೆ ನೆನಪಾಗುವುದು ಮೀನಿನ ಪೆಟ್ಟಿಗೆ, ಅಡಿಕೆ ಮೂಟೆ, ಸಿಮೆಂಟು ಹೊತ್ತು ಓಡುವ ವಾಹನ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದು ಸಂಸಾರದ ವಾಹನವೂ ಹೌದು. ಮುಂದೆ ಇಬ್ಬರು, ಹಿಂದೆ ಮೂವರು ಕುಳಿತು, ಅವರ ಹಿಂದಿನ ತೆರೆದ ತೊಟ್ಟಿಯಲ್ಲಿ ಸಾಮಾನು ತುಂಬಿ ಹೊರಡುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಆದ್ದರಿಂದ ಈ ವಾಹನದ ಗುಣದೋಷಗಳು ಕೇವಲ ಗಂಡಸರ ಹರಟೆಯ ವಿಷಯವಲ್ಲ.

ಸ್ಟೀಲ್ ಪಾತ್ರೆಯಂಥ ಮೈ

ಸೈಬರ್‌ಟ್ರಕ್ ಅನ್ನು 2019ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶಿಸಲಾಯಿತು. ಒಡೆಯದ ಗಾಜು ಎಂದು ತೋರಿಸಲು ವೇದಿಕೆಯ ಮೇಲೆ ಕಬ್ಬಿಣದ ಗುಂಡು ಎಸೆದಾಗ ಆ ಗಾಜು ಎಲ್ಲರೆದುರೇ ಬಿರುಕು ಬಿಟ್ಟಿತು. ಗ್ರಾಹಕರ ಕೈಗೆ ವಾಹನ ಸಿಗಲಾರಂಭಿಸಿದ್ದು 2023ರ ನವೆಂಬರ್ ಕೊನೆಯಲ್ಲಿ. ಮಕ್ಕಳು ಅಳತೆಪಟ್ಟಿ ಹಿಡಿದು ಗೆರೆ ಎಳೆದಂಥ ಆಕಾರ. ಎಲ್ಲೂ ಬಣ್ಣವಿಲ್ಲ, ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲ್.

ಸ್ಟೀಲ್ ಪಾತ್ರೆಯೊಂದಿಗೆ ದಿನವೂ ಒಡನಾಡುವ ಗೃಹಿಣಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮುಟ್ಟಿದಲ್ಲೆಲ್ಲ ಬೆರಳಚ್ಚು ಉಳಿಯುತ್ತದೆ. ಒರಟಾಗಿ ಉಜ್ಜಿದರೆ ಗೀರು ಬೀಳುತ್ತದೆ. ಹಕ್ಕಿಯ ಹಿಕ್ಕೆ, ಸತ್ತ ಕೀಟ, ಮರದ ಅಂಟು, ರಸ್ತೆಯ ಉಪ್ಪು ತಾಗಿದರೆ ತಡಮಾಡದೆ ತೊಳೆಯಿರಿ ಎಂದು ಕಂಪೆನಿಯ ಕೈಪಿಡಿಯೇ ಹೇಳುತ್ತದೆ. ಬಣ್ಣ ಬಳಿಯುವ ಖರ್ಚು ಕಂಪೆನಿಗೆ ಉಳಿಯಿತು, ಒರೆಸುವ ಕೆಲಸ ಕೊಂಡವರ ಪಾಲಿಗೆ ಬಂತು.

ಕೈಗೆ ಸಿಗದ ಗುಂಡಿಗಳು

ಒಳಗೆ ಕುಳಿತರೆ ಅಚ್ಚರಿಗಳು ಇನ್ನೂ ಹೆಚ್ಚು. ಸಾಮಾನ್ಯ ಕಾರಿನಲ್ಲಿ ಸ್ಟಿಯರಿಂಗ್ ಚಕ್ರಕ್ಕೂ ಮುಂದಿನ ಗಾಲಿಗಳಿಗೂ ನಡುವೆ ಕಬ್ಬಿಣದ ದಂಡ ಇರುತ್ತದೆ. ಇದರಲ್ಲಿ ಅದಿಲ್ಲ. ಚಾಲಕ ಎಷ್ಟು ತಿರುಗಿಸಿದ ಎಂಬ ಸಂದೇಶ ತಂತಿಯ ಮೂಲಕ ಹೋಗಿ, ಗಾಲಿಗಳನ್ನು ಮೋಟಾರುಗಳು ತಿರುಗಿಸುತ್ತವೆ. ಬೇರೆ ಕಾರುಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಮೂರು ಸುತ್ತು ತಿರುಗಿಸಬೇಕಾದರೆ ಇಲ್ಲಿ ಒಂದು ಪೂರ್ತಿ ಸುತ್ತೂ ಬೇಡ. ನಿಧಾನವಾಗಿ ಹೋಗುವಾಗ ಹಿಂದಿನ ಗಾಲಿಗಳೂ ಎದುರು ದಿಕ್ಕಿಗೆ ತುಸು ತಿರುಗುವುದರಿಂದ ಮೂರು ಟನ್ನಿನಷ್ಟು ತೂಕದ ಈ ಗಾಡಿ ಇಕ್ಕಟ್ಟಿನಲ್ಲೂ ಸುಲಭವಾಗಿ ಹೊರಳುತ್ತದೆ. ಕೈ ಪಳಗಿದ ಮೇಲೆ ಇದು ಹಿತವೆನಿಸುತ್ತದೆ ಎಂದು ಓಡಿಸಿದ ಅನೇಕರು ಮೆಚ್ಚಿದ್ದಾರೆ. ಅದು ನ್ಯಾಯವಾದ ಮೆಚ್ಚುಗೆಯೇ.

ಆದರೆ ಸ್ಟಿಯರಿಂಗ್ ಪಕ್ಕದ ಕಡ್ಡಿಗಳು ಮಾಯವಾಗಿವೆ. ಎಡಕ್ಕೆ, ಬಲಕ್ಕೆ ತಿರುಗುವ ದೀಪಕ್ಕೆ ಸ್ಟಿಯರಿಂಗ್ ಮೇಲೆಯೇ ಸಣ್ಣ ಗುಂಡಿಗಳಿವೆ. ಸ್ಟಿಯರಿಂಗ್ ತಿರುಗಿದಾಗ ಗುಂಡಿಗಳೂ ಜಾಗ ಬದಲಿಸುತ್ತವೆ. ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಲು ಪರದೆಯ ಮೇಲೆ ಬೆರಳು ಎಳೆಯಬೇಕು. ಚಾಲಕನ ಎದುರಿಗೆ ವೇಗದ ಮೀಟರ್ ಇಲ್ಲ. ಅದು ಕಾಣುವುದು ನಡುವೆ ಇರುವ ಹದಿನೆಂಟೂವರೆ ಇಂಚಿನ ಪರದೆಯಲ್ಲಿ. ಎ.ಸಿ.ಯ ಗಾಳಿ ಯಾವ ಕಡೆ ಬೀಸಬೇಕು ಎಂಬುದಕ್ಕೂ ಅದೇ ಪರದೆಯನ್ನು ಕೇಳಬೇಕು.

ಕಂಪೆನಿಗಳು ಹೀಗೇಕೆ ಮಾಡುತ್ತವೆ? ಹತ್ತಾರು ಗುಂಡಿ, ಅವಕ್ಕೆ ಹತ್ತಾರು ತಂತಿ ಜೋಡಿಸುವುದಕ್ಕಿಂತ ಒಂದು ಪರದೆ ಅಗ್ಗ. ಬೇಕೆಂದಾಗ ತಂತ್ರಾಂಶ ಬದಲಿಸಿ ಹೊಸ ಸೌಲಭ್ಯ ಸೇರಿಸಲೂಬಹುದು. ಆದರೆ ಪರದೆಯನ್ನು ನೋಡದೆ ಮುಟ್ಟಲಾಗದು. ಪರದೆ ನೋಡುವ ಕಣ್ಣು ಅಷ್ಟು ಹೊತ್ತು ರಸ್ತೆಯನ್ನು ನೋಡುವುದಿಲ್ಲ.

ಸ್ವೀಡನ್ನಿನ ವಾಹನ ಪತ್ರಿಕೆಯೊಂದು 2022ರಲ್ಲಿ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಎ.ಸಿ., ರೇಡಿಯೊ ಮುಂತಾದ ಕೆಲವು ಸಣ್ಣ ಕೆಲಸಗಳನ್ನು ಮಾಡಬೇಕಿತ್ತು. 2005ರ ಹಳೆಯ ವೋಲ್ವೊ ಕಾರಿನಲ್ಲಿ ಗುಂಡಿಗಳಿಂದ ಅದು 10 ಸೆಕೆಂಡಿನಲ್ಲಿ ಮುಗಿಯಿತು. ಅಷ್ಟರಲ್ಲಿ ಕಾರು ಸುಮಾರು 300 ಮೀಟರ್ ಸಾಗಿತ್ತು. ಪರದೆಯಿದ್ದ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಹಿಡಿಯಿತು, ಕಾರು ಸಾಗಿದ ದೂರ 1,300 ಮೀಟರಿಗೂ ಹೆಚ್ಚು! ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ 'ಯುರೋ ಎನ್‌ಕ್ಯಾಪ್' ಸಂಸ್ಥೆ 2026ರಿಂದ ತನ್ನ ಅಂಕಗಳ ಲೆಕ್ಕವನ್ನೇ ಬದಲಿಸಿದೆ. ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇದ್ದರೆ ಮಾತ್ರ ಪೂರ್ಣ ಅಂಕ.

ಸಣ್ಣ ತಪ್ಪು, ದೊಡ್ಡ ಗಂಡಾಂತರ

ಹೊಸತನದ ಭರದಲ್ಲಿ ಹಳೆಯ, ಸಣ್ಣ ವಿಷಯಗಳೇ ಕೈಕೊಟ್ಟವು. 2024ರ ಏಪ್ರಿಲ್‌ನಲ್ಲಿ 3,878 ಸೈಬರ್‌ಟ್ರಕ್‌ಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು. ವೇಗ ಹೆಚ್ಚಿಸುವ ಪೆಡಲಿನ ಮೇಲಿನ ಪಟ್ಟಿ ಜಾರಿ ಸಿಕ್ಕಿಕೊಂಡು, ಕಾಲು ತೆಗೆದರೂ ಗಾಡಿ ಓಡುತ್ತಲೇ ಇರುವ ಸಂಭವ ಇತ್ತು. ಕಾರಣವೇನು ಗೊತ್ತೇ? ಜೋಡಿಸುವಾಗ ಪಟ್ಟಿ ಸುಲಭವಾಗಿ ಕೂರಲೆಂದು ಬಳಸಿದ್ದ ಸಾಬೂನು! ಅದೇ ಜೂನ್‌ನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಗಾಡಿಗಳ ವೈಪರ್ ಮೋಟಾರ್ ಬದಲಿಸಬೇಕಾಯಿತು. ಇಷ್ಟು ಅಗಲದ ಗಾಜಿಗೆ ಇರುವುದೇ ಒಂದು ವೈಪರ್. 2025ರ ಮಾರ್ಚ್‌ನಲ್ಲಿ, ಅಂಟಿನಿಂದ ಕೂಡಿಸಿದ್ದ ಸ್ಟೀಲ್ ಪಟ್ಟಿ ಕಳಚಿ ರಸ್ತೆಗೆ ಬೀಳಬಹುದೆಂದು 46,096 ಗಾಡಿಗಳನ್ನು ಕರೆಯಲಾಯಿತು. ತಾನಾಗಿ ಮುಚ್ಚಿಕೊಳ್ಳುವ ಮುಂಭಾಗದ ಮುಚ್ಚಳಕ್ಕೆ ಕ್ಯಾರೆಟ್ ಕೊಟ್ಟು, ಅದು ತುಂಡಾಗುವುದನ್ನು ತೋರಿಸಿದವರೂ ಇದ್ದಾರೆ. ಕ್ಯಾರೆಟ್ ಇದ್ದ ಜಾಗದಲ್ಲಿ ಮಗುವಿನ ಬೆರಳಿದ್ದರೆ? ಆಮೇಲೆ ಕಂಪೆನಿ ಅದರ ತಂತ್ರಾಂಶವನ್ನು ಸುಧಾರಿಸಿತು.

ಇವೆಲ್ಲಕ್ಕಿಂತ ಗಂಭೀರವಾದುದು ಬಾಗಿಲಿನ ವಿಚಾರ. ಹೊರಗೆ ಹಿಡಿ ಎಂಬುದೇ ಇಲ್ಲ. ಕಂಬದ ಮೇಲಿನ ಗುಂಡಿ ಒತ್ತಿದರೆ ಬಾಗಿಲು ತುಸು ತೆರೆಯುತ್ತದೆ, ಅಂಚು ಹಿಡಿದು ಎಳೆಯಬೇಕು. ಒಳಗಿನಿಂದಲೂ ಗುಂಡಿಯೇ. ವಿದ್ಯುತ್ ಇದ್ದಾಗ ಎಲ್ಲವೂ ಚಂದ. ಅಪಘಾತವಾಗಿ ವಿದ್ಯುತ್ ಕಡಿದುಹೋದರೆ? ಮುಂದಿನ ಬಾಗಿಲುಗಳಿಗೆ ಕಿಟಕಿಯ ಸ್ವಿಚ್ಚುಗಳ ಬಳಿ ಎಳೆಯುವ ಹಿಡಿ ಇದೆ. ಹಿಂದೆ ಕೂತವರಿಗೆ ಅಷ್ಟು ಸುಲಭವಿಲ್ಲ. ಬಾಗಿಲ ಕೆಳಗಿನ ಜೇಬಿನ ತಳದಲ್ಲಿರುವ ಹಾಸನ್ನು ಎತ್ತಿ, ಅದರಡಿಯ ತಂತಿಯನ್ನು ಎಳೆಯಬೇಕು. ಹೊಗೆ ತುಂಬಿದ ಕತ್ತಲಲ್ಲಿ, ಹೆದರಿದ ಮಗುವಿಗೆ ಇದು ಹೊಳೆಯುವುದೇ?

2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪೀಡ್ಮಾಂಟ್ ಪಟ್ಟಣದಲ್ಲಿ ಸೈಬರ್‌ಟ್ರಕ್ ಒಂದು ಡಿಕ್ಕಿ ಹೊಡೆದು ಬೆಂಕಿ ಹತ್ತಿಕೊಂಡಿತು. ಒಳಗಿದ್ದ ನಾಲ್ವರಲ್ಲಿ ಮೂವರು ಕಾಲೇಜು ವಿದ್ಯಾರ್ಥಿಗಳು ತೀರಿಕೊಂಡರು. ಹಿಂದೆ ಬರುತ್ತಿದ್ದ ಗೆಳೆಯನೊಬ್ಬ ಗಟ್ಟಿ ಗಾಜನ್ನು ಮತ್ತೆ ಮತ್ತೆ ಬಡಿದು ಒಡೆದು ಒಬ್ಬನನ್ನು ಹೊರಗೆಳೆದ. ಅಪಘಾತಕ್ಕೆ ಅಮಲು ಮತ್ತು ವೇಗ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಆದರೆ ತಮ್ಮ ಮಕ್ಕಳು ಡಿಕ್ಕಿಯಲ್ಲಿ ಬದುಕುಳಿದಿದ್ದರು, ಬಾಗಿಲು ತೆರೆಯದೆ ಸಿಕ್ಕಿಬಿದ್ದರು ಎಂದು ಹೆತ್ತವರು ನ್ಯಾಯಾಲಯದ ಮೆಟ್ಟಿಲೇರಿದರು. ತಪ್ಪು ಮಾಡಿದ ಚಾಲಕನ ಜೊತೆಗೆ ಕೂತವರಿಗೂ ಹೊರಬರಲು ಒಂದು ದಾರಿ ಇರಬೇಡವೇ ಎಂಬುದು ಆ ಹೆತ್ತವರ ಪ್ರಶ್ನೆಯ ತಿರುಳು.

ಇದು ಒಂದೇ ಗಾಡಿಯ ಕತೆಯಲ್ಲ. 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಹೊರಹಿಡಿಗಳ ಬಗ್ಗೆ ಅಮೆರಿಕ ಸರಕಾರದ ರಸ್ತೆ ಸುರಕ್ಷಾ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ತನಿಖೆ ಆರಂಭಿಸಿತು. ಮಗು ಒಳಗೆ, ತಂದೆತಾಯಿ ಹೊರಗೆ, ಬಾಗಿಲು ತೆರೆಯುತ್ತಿಲ್ಲ ಎಂಬ ದೂರುಗಳು ಅದಕ್ಕೆ ಬಂದಿದ್ದವು. ಕೆಲವರು ಗಾಜು ಒಡೆದು ಮಗುವನ್ನು ಎತ್ತಿಕೊಳ್ಳಬೇಕಾಯಿತು.

ಒಳಿತೂ ಇದೆ

ಸೈಬರ್‌ಟ್ರಕ್‌ನಲ್ಲಿ ಒಳ್ಳೆಯದೇನೂ ಇಲ್ಲವೆಂದರೆ ತಪ್ಪಾದೀತು. ಹಿಂದಿನ ತೊಟ್ಟಿಯಲ್ಲಿ ಪ್ಲಗ್ ಚುಚ್ಚುವ ಜಾಗಗಳಿವೆ. ಬಿರುಗಾಳಿಗೆ ಊರಿನ ಕರೆಂಟು ಹೋದರೆ, ಬೇಕಾದ ಸಲಕರಣೆ ಜೋಡಿಸಿಕೊಂಡು ಈ ಗಾಡಿಯ ಬ್ಯಾಟರಿಯಿಂದಲೇ ಮನೆಯ ಫ್ರಿಜ್, ದೀಪ ಉರಿಸಬಹುದು. ಹೊಗೆಯಿಲ್ಲ, ಸದ್ದಿಲ್ಲ. ಸಂಸಾರಕ್ಕೆ ಇದು ನಿಜವಾದ ಉಪಕಾರ.

ಅದೇ ದೇಶದಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಿದ್ಯುತ್ ಪಿಕಪ್‌ನ ವಿಚಾರ 2025ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಹೆಸರು 'ಸ್ಲೇಟ್'. ಇದಕ್ಕೂ ಬಣ್ಣವಿಲ್ಲ, ಆದರೆ ಮೈ ಬೂದು ಪ್ಲಾಸ್ಟಿಕ್ಕಿನದು. ನಡುವೆ ದೊಡ್ಡ ಪರದೆಯಿಲ್ಲ, ರೇಡಿಯೊ ಕೂಡ ಇಲ್ಲ. ಎ.ಸಿ.ಗೆ ತಿರುಗಿಸುವ ಗುಂಡಿಗಳು. ಕಿಟಕಿ ಗಾಜನ್ನು ನಮ್ಮ ಹಳೆಯ ಅಂಬಾಸಿಡರ್‌ನಂತೆ ಕೈಯಿಂದ ತಿರುಗಿಸಿ ಇಳಿಸಬೇಕು. ವಿದ್ಯುತ್ ಗಾಡಿಯಾದ ಮಾತ್ರಕ್ಕೆ ಎಲ್ಲವನ್ನೂ ಪರದೆಯೊಳಗೆ ತುರುಕಬೇಕೆಂಬ ಕಟ್ಟಳೆ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ನಾವೇನು ಮಾಡಬಹುದು?

ಸೈಬರ್‌ಟ್ರಕ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿಲ್ಲ. 2024ರಲ್ಲಿ ದುಬೈ ಪೊಲೀಸರು ಒಂದನ್ನು ತಮ್ಮ ಪಡೆಗೆ ಸೇರಿಸಿಕೊಂಡಿದ್ದರಿಂದ, ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಕೆಲವರು ಅದನ್ನು ನೋಡಿರಬಹುದು. ಆದರೆ ಬಾಗಿಲೊಳಗೆ ಹುದುಗಿದ ಹಿಡಿಗಳು, ಅಗಲ ಪರದೆಗಳು ನಮ್ಮ ಪೇಟೆಯ ಕಾರುಗಳಲ್ಲೂ ಬಂದಾಗಿದೆ. ಕಾರು ಕೊಳ್ಳುವಾಗ ಬಣ್ಣ, ಬೆಲೆ, ಮೈಲೇಜ್ ಕೇಳುವುದು ಗಂಡಸರ ಕೆಲಸವೆಂದು ಹೆಂಗಸರು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವುದು ಬೇಡ. ಮಕ್ಕಳೊಂದಿಗೆ ಹಿಂದೆ ಕೂರುವವರು ಹೆಚ್ಚಾಗಿ ನೀವೇ. ಕರೆಂಟಿಲ್ಲದಾಗ ಹಿಂದಿನ ಬಾಗಿಲು ಒಳಗಿನಿಂದ ಹೇಗೆ ತೆರೆಯುತ್ತದೆ ಎಂದು ಕೇಳಿ. ಬಾಯಲ್ಲಿ ಹೇಳಿದರೆ ಸಾಲದು, ತೆರೆದು ತೋರಿಸಲಿ. ಮಕ್ಕಳ ಲಾಕ್ ಹಾಕಿದಾಗ ಏನಾಗುತ್ತದೆ ಎಂಬುದನ್ನೂ ಕೇಳಿ. ಗಾಜು ಒಡೆಯುವ ಸುತ್ತಿಗೆಯನ್ನು ಡಿಕ್ಕಿಯಲ್ಲಲ್ಲ, ಕೈಗೆಟಕುವಲ್ಲಿ ಇಡಿ. ಪದರಗಾಜಾದರೆ ಅದು ಸುಲಭಕ್ಕೆ ಒಡೆಯದು, ಯಾವ ಕಿಟಕಿಯ ಗಾಜು ಎಂಥದ್ದು ಎಂದು ಮೊದಲೇ ವಿಚಾರಿಸಿಕೊಳ್ಳಿ. ತಿಳುವಳಿಕೆ ಬಂದ ಮಕ್ಕಳಿಂದ ಒಂದೆರಡು ಬಾರಿ ಬಾಗಿಲು ತೆರೆಸಿ ಅಭ್ಯಾಸ ಮಾಡಿಸಿ. ಬಾಡಿಗೆ ಕಾರಾದರೂ ಸರಿ, ನೆಂಟರ ಹೊಸ ಕಾರಾದರೂ ಸರಿ, ಕೇಳುವುದಕ್ಕೆ ಸಂಕೋಚ ಬೇಡ. ಹಿಂದಿನ ಸೀಟಿನ ಮಗು ತಾನಾಗಿ ತೆರೆಯಬಲ್ಲ ಬಾಗಿಲಿಗಿಂತ ದೊಡ್ಡ ಸೌಲಭ್ಯ ಯಾವ ಗಾಡಿಯಲ್ಲೂ ಇಲ್ಲ.