ಭತ್ತದ ಸೀಮೆಯಲ್ಲಿ ಬೆಳೆಯದ ಕೂಸುಗಳು

ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ 2011ರಲ್ಲಿ ರಾಜ್ಯದ ಗಮನ ಸೆಳೆದದ್ದು ಸಾವುಗಳ ಕಾರಣಕ್ಕೆ. ಹೈಕೋರ್ಟ್ ಮಧ್ಯಪ್ರವೇಶಿಸಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಸಮಿತಿ ರಚನೆಯಾಯಿತು. ತೀರಾ ಸೊರಗಿದ ಮಗು ಯಾರ ಕಣ್ಣಿಗಾದರೂ ಬೀಳುತ್ತದೆ. ಅದಕ್ಕೆ ಪೌಷ್ಟಿಕ ಪುನಶ್ಚೇತನ ಕೇಂದ್ರವಿದೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗು ಹಾಗಲ್ಲ. ಅದು ಓಣಿಯಲ್ಲಿ ಆಡಿಕೊಂಡೇ ಇರುತ್ತದೆ. ‘ಅವರಪ್ಪನೂ ಗಿಡ್ಡ, ಕೂಸೂ ಗಿಡ್ಡ’ ಎಂದು ಮನೆಯವರು ಸುಮ್ಮನಾಗುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು. ಎರಡು ಸಮೀಕ್ಷೆಗಳ ನಡುವೆ ಒಂದು ಶೇಕಡಾ ಅಂಶದಷ್ಟೂ ಇಳಿದಿರಲಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಲಿಂಗಸುಗೂರು, ಮಸ್ಕಿಯ ಒಣಭೂಮಿಯಲ್ಲಿ ಜೋಳ, ತೊಗರಿ ಬೆಳೆಯುತ್ತವೆ. ಹೊಟ್ಟೆ ತುಂಬಿಸುವ ಕಾಳಿಗೆ ಇಲ್ಲಿ ಬರವಿಲ್ಲ, ಪಡಿತರದ ಅಕ್ಕಿಯೂ ಇದೆ. ಕೊರತೆ ಇರುವುದು ಕೂಸಿನ ತಟ್ಟೆಯಲ್ಲಿ. ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಆಗ ಸಿಗುವುದು ಅನ್ನದ ಮೇಲೆ ಬ್ಯಾಳಿಯ ತಿಳಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಅತ್ತರೆ ಅಂಗಡಿಯ ಕುರುಕಲು ಪೊಟ್ಟಣ. ಕೂಸಿನ ಹೊಟ್ಟೆ ಚಿಕ್ಕದು. ತಿಳಿಸಾರು ಕುಡಿದರೆ ತುಂಬಿಬಿಡುತ್ತದೆ, ಮೈಗೆ ಹತ್ತುವುದಿಲ್ಲ. ಅದೇ ಬ್ಯಾಳಿಯನ್ನು ಗಟ್ಟಿಯಾಗಿ ಕಿವುಚಿ, ಚಮಚ ಎಣ್ಣೆ, ಒಂದಿಷ್ಟು ಶೇಂಗಾಪುಡಿ, ಬೆಂದ ಸೊಪ್ಪು, ಆಗಾಗ ಮೊಟ್ಟೆ ಸೇರಿಸಿದರೆ ಅದು ಬೆಳೆಸುವ ಊಟ. ಒಂಬತ್ತು ತಿಂಗಳ ನಂತರ ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕು.

ಉಣಿಸುವವರು ಯಾರು? ಪ್ರಶ್ನೆ ಇರುವುದೇ ಇಲ್ಲಿ. ಭತ್ತ ನಾಟಿ, ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿ ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಾಳೆ. ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ. ಬಾಯಿ ತಿರುಗಿಸುವ ಕೂಸನ್ನು ಮಾತಾಡಿಸುತ್ತ, ತಾಳ್ಮೆಯಿಂದ ತುತ್ತಿಡುವುದು ಆ ಹುಡುಗಿಗೆ ಹೇಗೆ ಸಾಧ್ಯ? ಗುಳೆ ಹೋದ ಕುಟುಂಬಗಳ ಪಾಡು ಇನ್ನೂ ಕಠಿಣ: ಶೆಡ್ಡಿನ ವಾಸ, ಕೆಟ್ಟ ನೀರು, ಮೇಲಿಂದ ಮೇಲೆ ಭೇದಿ, ತಿಂದದ್ದೂ ದಕ್ಕುವುದಿಲ್ಲ.

ಹೀಗಿರುವಾಗ ‘ತಾಯಂದಿರಿಗೆ ತಿಳಿವಳಿಕೆ ಇಲ್ಲ’ ಎಂದು ಅಧಿಕಾರಿಗಳು ಭಾಷಣ ಮಾಡುವುದು ಅನ್ಯಾಯ. ಬಾಲ್ಯವಿವಾಹವಾಗಿ, ರಕ್ತಹೀನತೆಯಲ್ಲೇ ಬಸುರಿಯಾದವಳ ಕೂಸು ಹುಟ್ಟುವಾಗಲೇ ಸಣ್ಣದಿರುವ ಸಂಭವ ಹೆಚ್ಚು. ಗರ್ಭದಿಂದ ಎರಡು ವರ್ಷದವರೆಗಿನ ಸಾವಿರ ದಿನಗಳಲ್ಲಿ ತಪ್ಪಿದ ಬೆಳವಣಿಗೆಯನ್ನು ಶಾಲೆಯ ಮೊಟ್ಟೆ, ಹಾಲು ಪೂರ್ತಿಯಾಗಿ ತುಂಬಿಕೊಡಲಾರವು. ಮಕ್ಕಳಲ್ಲಿ ಅಂಗನವಾಡಿಯ ಬಿಸಿಯೂಟ ಮೂರು ವರ್ಷ ದಾಟಿದವರಿಗೆ. ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ, ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವುದೇ ಹೆಚ್ಚು.

ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಪ್ರಕಟಿಸಿತು. ಅದರ ಬಾಗಿಲು ಭತ್ತದ ಗದ್ದೆಗೆ, ಹತ್ತಿ ಹೊಲಕ್ಕೆ ಹೋಗುವ ತಾಯಂದಿರಿಗೂ ತೆರೆಯಬೇಕು, ಅವರು ಕೆಲಸಕ್ಕೆ ಹೊರಡುವ ಹೊತ್ತಿಗೇ ತೆರೆಯಬೇಕು. ಅಲ್ಲಿ ತೂಕದ ಜೊತೆ ಎತ್ತರವನ್ನೂ ಪ್ರತಿ ತಿಂಗಳು ಅಳೆಯಲಿ. ಮನೆಯಲ್ಲಿ ಅಪ್ಪಂದಿರೂ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತಿಡಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಮುಂದಿನ ನಾಟಿ ಶುರುವಾಗುವ ಮೊದಲೇ ಇದಕ್ಕೆ ಠರಾವು ಮಾಡಲಿ.